ವರ್ಲ್‌ಪೂಲ್ ಟಬ್ ಹಾಕಿದರೆ ಎಲ್‌ಸಿಬಿ ಬೀಳುತ್ತಿದೆಯೇ? ದೋಷ ಹುಡುಕುವ ಕ್ರಮ

ಟಬ್‌ಗೆ ನೀರು ತುಂಬಿಸಿ ಗುಂಡಿ ಒತ್ತಿದ ಕೂಡಲೇ ಮನೆಯೆಲ್ಲ ಕತ್ತಲು. ಡಿಬಿ (ಮನೆಯ ಕರೆಂಟು ಹಂಚುವ ಪೆಟ್ಟಿಗೆ) ಬಾಗಿಲು ತೆಗೆದರೆ ಎಲ್‌ಸಿಬಿ, ಅಂದರೆ ಕರೆಂಟು ಸೋರಿದಾಗ ಲೈನ್ ಕಡಿಯುವ ಸ್ವಿಚ್, ಬಿದ್ದಿರುತ್ತದೆ. ಮೇಲೆತ್ತಿದರೆ ನಿಲ್ಲುತ್ತದೆ, ಗುಂಡಿ ಒತ್ತಿದರೆ ಮತ್ತೆ ಬೀಳುತ್ತದೆ. ಈ ಹಂತದಲ್ಲಿ ಬಹಳ ಮನೆಗಳಲ್ಲಿ ನಡೆಯುವುದು ಎರಡೇ: "ಎಲ್‌ಸಿಬಿ ವೀಕ್ ಆಗಿದೆ" ಎಂದು ಟಬ್‌ನ ಲೈನನ್ನು ಅದನ್ನು ತಪ್ಪಿಸಿ ನೇರ ಮೇನ್‌ನಿಂದ ಎಳೆಯುವುದು, ಇಲ್ಲವೇ 30 ಮಿಲಿ ಆಂಪಿಯರ್ ಸೋರಿಕೆಗೆ ಬೀಳುವುದನ್ನು ತೆಗೆದು 100 ಅಥವಾ 300ರದ್ದನ್ನು ಕೂರಿಸುವುದು. ಎರಡರಲ್ಲೂ ಟಬ್ ಓಡುತ್ತದೆ. ಸೋರಿಕೆ ಮಾತ್ರ ಇದ್ದಲ್ಲೇ ಇರುತ್ತದೆ, ಅದರ ಪಕ್ಕದಲ್ಲಿ ಒದ್ದೆ ಮೈಯಲ್ಲಿ ಮನುಷ್ಯ ಕೂತಿರುತ್ತಾನೆ. ನೆನೆದ ಚರ್ಮದ ತಡೆ ಒಣ ಚರ್ಮದ ತಡೆಗಿಂತ ಎಷ್ಟೋ ಪಾಲು ಕಡಿಮೆ. ಸುಮಾರು 10 ಮಿಲಿ ಆಂಪಿಯರ್ ದಾಟಿದರೆ ಸ್ನಾಯುಗಳು ಬಿಗಿದು, ಹಿಡಿದದ್ದನ್ನು ಬಿಡಲು ಆಗದ ಸ್ಥಿತಿ ಬರಬಹುದು. ಆದ್ದರಿಂದ ಎರಡನ್ನೂ ಮಾಡಬೇಡಿ, ಮಾಡಲು ಯಾರಿಗೂ ಬಿಡಬೇಡಿ.

ಎಲ್‌ಸಿಬಿ ಎಂಬುದು ಬಾಯಲ್ಲಿ ಉಳಿದ ಹಳೆಯ ಹೆಸರು. ಈಗ ಅಂಗಡಿಯಲ್ಲಿ ಸಿಗುವುದು ಆರ್‌ಸಿಸಿಬಿ; ಇಲ್ಲಿ ಎರಡು ಹೆಸರೂ ಒಂದನ್ನೇ ಹೇಳುತ್ತವೆ. ಫೇಸ್‌ನಲ್ಲಿ ಹೋದ ಕರೆಂಟು ಅಷ್ಟಕ್ಕಷ್ಟೇ ನ್ಯೂಟ್ರಲ್‌ನಲ್ಲಿ ವಾಪಸ್ ಬಂತೇ ಎಂದು ಅದು ಲೆಕ್ಕ ನೋಡುತ್ತಿರುತ್ತದೆ. 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ 15ರ ತನಕ ಬೀಳಕೂಡದು, 30 ಮುಟ್ಟಿದರೆ 0.3 ಸೆಕೆಂಡಿನೊಳಗೆ ಬೀಳಲೇಬೇಕು. 230 ವೋಲ್ಟ್‌ಗೆ ಲೆಕ್ಕ ಹಾಕಿದರೆ, ಎಲ್ಲೋ ಫೇಸ್‌ಗೂ ಅರ್ಥ್‌ಗೂ ನಡುವಿನ ತಡೆ 15 ಕಿಲೋಓಮ್‌ಗೆ ಇಳಿದಾಗ ಬೀಳುವ ಸಾಧ್ಯತೆ ಶುರುವಾಗುತ್ತದೆ, 7.7 ಕಿಲೋಓಮ್‌ಗೆ ಇಳಿದರೆ ಖಚಿತ. ಮುಂದಿನ ಅಳತೆಗಳನ್ನೆಲ್ಲ ಈ ಎರಡು ಅಂಕಿಗಳ ಜೊತೆ ಹೋಲಿಸಿ ನೋಡಿ.

ಇದು ಜಕೂಜಿ ಎಂದು ನಾವು ಕರೆಯುವ, ಮನೆಯೊಳಗೆ ಟೈಲ್ಸ್ ಕಟ್ಟೆಯಲ್ಲಿ ಕೂರಿಸುವ ಅಕ್ರಿಲಿಕ್ ಟಬ್‌ಗೆ ಬರೆದದ್ದು. ಜಕೂಜಿ ಒಂದು ಕಂಪನಿಯ ಹೆಸರು, ಈಗ ಎಲ್ಲ ವರ್ಲ್‌ಪೂಲ್ ಟಬ್‌ಗಳಿಗೂ ಅದೇ ಹೆಸರಾಗಿದೆ.

ಮನೆಯವರು ಮಾಡಬಹುದಾದದ್ದು ಗಮನಿಸುವುದು ಮತ್ತು ಬರೆದಿಡುವುದು. ಪ್ಯಾನೆಲ್ ಬಿಚ್ಚಿ ವೈರಿಗೆ ಕೈ ಹಾಕುವುದು ಪರ್ಮಿಟ್ ಇರುವ ವೈರ್‌ಮನ್‌ನ ಕೆಲಸ. ಆದರೆ ಮನೆಯವರ ಗಮನವೇ ಅರ್ಧ ಕೆಲಸ ಮುಗಿಸುತ್ತದೆ, ಏಕೆಂದರೆ ಎಲ್‌ಸಿಬಿ ಯಾವ ಕ್ಷಣದಲ್ಲಿ ಬೀಳುತ್ತದೆ ಎಂಬುದರಲ್ಲೇ ದೋಷ ಎಲ್ಲಿದೆ ಎಂಬ ಸುಳಿವು ಇರುತ್ತದೆ.

ಸರಿಯಾದ ವೈರಿಂಗ್ ಹೇಗಿರಬೇಕು

ತಪ್ಪು ಕಾಣಬೇಕಾದರೆ ಸರಿ ಗೊತ್ತಿರಬೇಕು. ಸಾಮಾನ್ಯ ಟಬ್‌ನಲ್ಲಿ 1 ಎಚ್‌ಪಿ ಪಂಪ್ ಸುಮಾರು 1,100 ವ್ಯಾಟ್ ಎಳೆಯುತ್ತದೆ. ಗಾಳಿಗುಳ್ಳೆ ಎಬ್ಬಿಸುವ ಬ್ಲೋವರ್ 700, ಬಿಸಿ ಕಾಯುವ ಹೀಟರ್ 1,500. ಮೂರೂ ಸೇರಿದರೆ 3,300 ವ್ಯಾಟ್, ಅಂದರೆ 14 ಆಂಪಿಯರ್ ಚಿಲ್ಲರೆ. ಇದಕ್ಕೆ ಡಿಬಿಯಿಂದ ಟಬ್‌ಗೆಂದೇ ಒಂದು ಪ್ರತ್ಯೇಕ ಲೈನ್ ಬೇಕು: ಫೇಸ್, ನ್ಯೂಟ್ರಲ್, ಅರ್ಥ್ ಮೂರೂ 4 ಚದರ ಮಿ.ಮೀ. ತಾಮ್ರ, 20 ಆಂಪಿಯರ್ ಸಿ ಕರ್ವ್ ಡಬಲ್ ಪೋಲ್ ಎಂಸಿಬಿ (ಕರೆಂಟು ಅತಿಯಾದರೆ ಬೀಳುವ, ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ ಸ್ವಿಚ್), ಅದಕ್ಕೆ ಜೋಡಿಯಾಗಿ 25 ಆಂಪಿಯರ್, 30 ಮಿಲಿ ಆಂಪಿಯರ್ ಆರ್‌ಸಿಸಿಬಿ. ಎರಡೂ ಒಂದರಲ್ಲೇ ಇರುವ ಆರ್‌ಸಿಬಿಒ ಹಾಕಿದರೆ ಇನ್ನೂ ಒಳ್ಳೆಯದು. ಟಬ್ ದೋಷಕ್ಕೆ ಫ್ರಿಜ್ಜು ನಿಲ್ಲುವುದಿಲ್ಲ. ಹೀಟರ್ ಇಲ್ಲದ ಟಬ್‌ಗೆ 2.5 ಚದರ ಮಿ.ಮೀ. ವೈರು ಮತ್ತು 16 ಆಂಪಿಯರ್ ಎಂಸಿಬಿ ಸಾಕು. ಸಿ ಕರ್ವ್ ಬೇಕೆನ್ನುವುದು ಪಂಪಿನ ಕಾರಣಕ್ಕೆ: ಮೋಟಾರು ಎದ್ದೇಳುವ ಕ್ಷಣದಲ್ಲಿ ಓಡುವಾಗಿನ ಐದಾರು ಪಟ್ಟು ಕರೆಂಟು ಎಳೆಯುತ್ತದೆ, ಬಿ ಕರ್ವ್ ಅದನ್ನು ತಡೆದುಕೊಳ್ಳದೆ ಹೋಗಬಹುದು.

ಆರ್‌ಸಿಸಿಬಿಯಲ್ಲಿ ಟೈಪ್ ಎಸಿ, ಟೈಪ್ ಎ ಎಂಬ ಎರಡು ಬಗೆ ನಮಗೆ ಮುಖ್ಯ. ಟಬ್‌ನಲ್ಲಿ ಟಚ್ ಪ್ಯಾನೆಲ್, ಸ್ಪೀಡ್ ಬದಲಿಸುವ ಪಂಪ್, ಎಲೆಕ್ಟ್ರಾನಿಕ್ ಬೋರ್ಡ್ ಇದ್ದರೆ ಟೈಪ್ ಎ ಬೇಕು. ಎಲೆಕ್ಟ್ರಾನಿಕ್ ಭಾಗಗಳಿಂದ ಸೋರುವ ಕರೆಂಟು ಒಂದೇ ದಿಕ್ಕಿನ ತುಂಡು ಅಲೆಯಾಗಿರಬಹುದು, ಅಂಥದ್ದನ್ನು ಟೈಪ್ ಎಸಿ ಗುರುತಿಸುತ್ತದೆ ಎಂಬ ಭರವಸೆ ಇಲ್ಲ.

ಟಬ್‌ನ ಡಬಲ್ ಪೋಲ್ ಸ್ವಿಚ್ ಬಚ್ಚಲ ಹೊರಗಿರಲಿ. ಐಇಸಿ 60364-7-701 ಮಾನದಂಡದ ಪ್ರಕಾರ ಟಬ್‌ನ ಒಳಗು ವಲಯ 0, ಅದರ ನೇರ ಮೇಲೆ ನೆಲದಿಂದ 2.25 ಮೀಟರ್ ತನಕ ವಲಯ 1, ಅಲ್ಲಿಂದ ಪಕ್ಕಕ್ಕೆ 0.6 ಮೀಟರ್ ವಲಯ 2. ಈ ವಲಯಗಳಲ್ಲಿ ಮಾಮೂಲಿ ಸ್ವಿಚ್ಚಿಗಾಗಲಿ ಸಾಕೆಟ್ಟಿಗಾಗಲಿ ಜಾಗವಿಲ್ಲ. ಟಬ್ ಅಂಚಿನಲ್ಲಿರುವ ಗುಂಡಿ ಸಾಮಾನ್ಯವಾಗಿ ಏರ್ ಸ್ವಿಚ್: ಒತ್ತಿದಾಗ ಸಣ್ಣ ಕೊಳವೆಯಲ್ಲಿ ಗಾಳಿ ಹೋಗಿ ಕೆಳಗಿನ ಪೆಟ್ಟಿಗೆಯ ಸ್ವಿಚ್ಚನ್ನು ತಳ್ಳುತ್ತದೆ, ಬೆರಳ ಬಳಿ ಕರೆಂಟೇ ಇಲ್ಲ. ಅದು ಕೆಟ್ಟಾಗ ಅದೇ ತೂತಿಗೆ ಮಾಮೂಲಿ ಬೆಲ್ ಸ್ವಿಚ್ ಕೂರಿಸುವುದು ಜೀವಕ್ಕೇ ಅಪಾಯ.

ಟಬ್ ಕೆಳಗೆ 16 ಆಂಪಿಯರ್ ಸಾಕೆಟ್ ಇಟ್ಟು ಪಂಪಿನ ಪ್ಲಗ್ ಚುಚ್ಚಿರುವುದು ಎಲ್ಲ ಕಡೆ ಕಾಣುವ ತಪ್ಪು. ಅಲ್ಲಿ ಯಾವಾಗಲೂ ಉಬ್ಬೆ, ತೇವ. ಸಾಕೆಟ್ಟಿನ ಹಿತ್ತಾಳೆ ಹಸಿರುಗಟ್ಟುತ್ತದೆ, ಪಿನ್ನು ಸಡಿಲಾಗುತ್ತದೆ, ಪ್ಲಗ್ಗು ಕರಗುತ್ತದೆ. ಅಲ್ಲಿರಬೇಕಾದದ್ದು ಐಪಿ65 (ದೂಳು, ನೀರು ಹೊಗದ) ಜಂಕ್ಷನ್ ಬಾಕ್ಸ್, ನೆಲದಿಂದ ಒಂದು ಗೇಣಾದರೂ ಮೇಲೆ, ಕೇಬಲ್ಲುಗಳು ಗ್ಲ್ಯಾಂಡ್ (ಕೇಬಲ್ ಸುತ್ತ ಬಿಗಿಯುವ ಮೂತಿ) ಮೂಲಕ ತಳದಿಂದ ಒಳಹೋಗುವಂತೆ. ಮೇಲಿನಿಂದ ಹೋದರೆ ಹನಿ ಕೇಬಲ್ ಹಿಡಿದೇ ಒಳಗಿಳಿಯುತ್ತದೆ.

ಬಿದ್ದದ್ದು ಯಾವುದು?

ಎಂಸಿಬಿಯೋ ಎಲ್‌ಸಿಬಿಯೋ ನೋಡಿ. ಎಂಸಿಬಿ ಬಿದ್ದರೆ ಕರೆಂಟು ಅತಿಯಾಗಿದೆ: ಶಾರ್ಟ್, ಜಾಮ್ ಆದ ಪಂಪ್, ಓವರ್‌ಲೋಡ್. ಎಲ್‌ಸಿಬಿ ಬಿದ್ದರೆ ಕರೆಂಟು ದಾರಿ ತಪ್ಪಿದೆ. ಎರಡೂ ಒಟ್ಟಿಗೆ ಬಿದ್ದರೆ ಫೇಸ್ ನೇರವಾಗಿ ಅರ್ಥ್‌ಗೆ ತಾಗಿರುವ ಸಂಭವ ಹೆಚ್ಚು, ಮತ್ತೆ ಎತ್ತಿ ನೋಡುವ ಪ್ರಯತ್ನ ಬೇಡ. ಆರ್‌ಸಿಬಿಒ ಇದ್ದರೆ ಈ ವ್ಯತ್ಯಾಸ ಹೊರಗೆ ಕಾಣದಿರಬಹುದು, ಅಳತೆಯೇ ದಾರಿ.

ಯಾವಾಗ ಬೀಳುತ್ತದೆ?

*ಟಬ್ ಸ್ವಿಚ್ ಆಫ್ ಇದ್ದರೂ ಬೀಳುತ್ತದೆ.* ತುಂಬ ಜನ ಎಡವುವುದು ಇಲ್ಲಿ. "ಟಬ್ ಆಫ್ ಇತ್ತು, ಆದರೂ ಬಿತ್ತು, ಹಾಗಾದರೆ ದೋಷ ಟಬ್‌ನಲ್ಲಿಲ್ಲ" ಎಂಬ ತರ್ಕ ಸರಿಯೆನಿಸುತ್ತದೆ, ಆದರೆ ಸರಿಯಲ್ಲ. ಸಿಂಗಲ್ ಪೋಲ್ ಎಂಸಿಬಿ ಫೇಸ್ ಒಂದನ್ನೇ ಕಡಿಯುತ್ತದೆ, ನ್ಯೂಟ್ರಲ್ ಟಬ್ ತನಕ ಜೋಡಿಸಿಯೇ ಇರುತ್ತದೆ. ಟಬ್ ಕೆಳಗೆ ಆ ನ್ಯೂಟ್ರಲ್ ಅರ್ಥ್‌ಗೆ ತಾಗಿದ್ದರೆ, ಅಡುಗೆಮನೆಯಲ್ಲಿ ಮಿಕ್ಸಿ ಹಾಕಿದಾಗ ಅದರ ವಾಪಸ್ ಕರೆಂಟಿನ ಒಂದು ಪಾಲು ಟಬ್‌ನ ನ್ಯೂಟ್ರಲ್ ಹಿಡಿದು ಅರ್ಥ್‌ಗೆ ಇಳಿಯುತ್ತದೆ. ಎಲ್‌ಸಿಬಿಯ ಲೆಕ್ಕ ತಪ್ಪುತ್ತದೆ, ಬೀಳುತ್ತದೆ. ಬೈಗುಳ ಮಿಕ್ಸಿಗೆ. ಮನೆಯಲ್ಲಿ ಏನೂ ಓಡದಿದ್ದಾಗ ನಿಂತು, ದೊಡ್ಡ ಲೋಡ್ ಯಾವುದು ಹಾಕಿದರೂ ಬೀಳುತ್ತಿದ್ದರೆ ನ್ಯೂಟ್ರಲ್–ಅರ್ಥ್ ಸ್ಪರ್ಶವನ್ನೇ ಮೊದಲು ಶಂಕಿಸಿ. ಪರೀಕ್ಷೆ: ಮೇನ್ ಆಫ್ ಮಾಡಿ ಟಬ್ ಲೈನಿನ ನ್ಯೂಟ್ರಲನ್ನು ಡಿಬಿಯ ನ್ಯೂಟ್ರಲ್ ಬಾರ್‌ನಿಂದ ಬಿಚ್ಚಿ, ತುದಿಗೆ ಟೇಪ್ ಸುತ್ತಿ, ಟಬ್ ಎಂಸಿಬಿ ಆಫ್ ಇಟ್ಟೇ ಉಳಿದ ಮನೆಗೆ ಕರೆಂಟು ಕೊಟ್ಟು ದೊಡ್ಡ ಲೋಡ್ ಹಾಕಿ. ಎಲ್‌ಸಿಬಿ ನಿಂತರೆ ದೋಷ ಟಬ್ ಲೈನಿನಲ್ಲೇ ಇದೆ. ಡಬಲ್ ಪೋಲ್ ಎಂಸಿಬಿ ಇದ್ದರೆ ಬಿಚ್ಚುವ ಕೆಲಸವೇ ಇಲ್ಲ, ಆಫ್ ಮಾಡಿದರೆ ಆಯಿತು.

*ಟಬ್‌ನ ಯಾವ ಭಾಗ ಹಾಕಿದರೂ ತಕ್ಷಣ ಬೀಳುತ್ತದೆ, ಹೊಸ ಟಬ್ ಬೇರೆ.* ಹೊಸ ಪಂಪು, ಹೊಸ ಹೀಟರು, ಹೊಸ ಬ್ಲೋವರು ಮೂರೂ ಒಟ್ಟಿಗೆ ಕೆಟ್ಟಿರುವುದು ಅಸಂಭವ. ಇದು ನ್ಯೂಟ್ರಲ್ ಅದಲುಬದಲಿನ ಲಕ್ಷಣ. ಡಿಬಿಯಲ್ಲಿ ಎರಡು ಎಲ್‌ಸಿಬಿ ಇದ್ದು, ಟಬ್‌ನ ಫೇಸ್ ಒಂದರಿಂದ, ನ್ಯೂಟ್ರಲ್ ಇನ್ನೊಂದರ ಬಾರ್‌ನಿಂದ ಬಂದಿದ್ದರೆ ಲೋಡ್ ಹಾಕಿದೊಡನೆ ಎರಡರ ಲೆಕ್ಕವೂ ತಪ್ಪುತ್ತದೆ. ಟಬ್ ಬಿಚ್ಚಿ, ಲೈನಿನ ತುದಿಗೆ 100 ವ್ಯಾಟ್ ಫಿಲಮೆಂಟ್ ಬಲ್ಬ್ ಕಟ್ಟಿ ನೋಡಿ. ಅದು 430 ಮಿಲಿ ಆಂಪಿಯರ್ ಎಳೆಯುತ್ತದೆ. ಬಲ್ಬಿಗೂ ಬಿದ್ದರೆ ತಪ್ಪು ವೈರಿಂಗ್‌ನದು. ಎಲ್‌ಇಡಿ ಬಲ್ಬು ಈ ಪರೀಕ್ಷೆಗೆ ಬೇಡ, ಅದು ಎಳೆಯುವುದು ತೀರ ಕಡಿಮೆ.

ಮನೆಯ ಯುಪಿಎಸ್ ಕೂಡ ಇದೇ ಜಾತಿಯ ತೊಂದರೆ ಕೊಡುತ್ತದೆ. ಇನ್ವರ್ಟರ್ ಲೈಟಿನ ನ್ಯೂಟ್ರಲ್ ಬಚ್ಚಲ ಸ್ವಿಚ್‌ಬೋರ್ಡ್‌ನಲ್ಲಿ ಟಬ್‌ನ ನ್ಯೂಟ್ರಲ್ ಜೊತೆ ಸೇರಿದ್ದರೆ, ಕರೆಂಟು ಇದ್ದಾಗ ಒಂದು ಥರ, ಹೋಗಿ ಬಂದಾಗ ಇನ್ನೊಂದು ಥರ ಬೀಳುತ್ತಿರುತ್ತದೆ. ಅದಕ್ಕಿಂತ ಗಂಭೀರವಾದ ಸಂಗತಿ ಇನ್ನೊಂದಿದೆ. ಟಬ್‌ನ ಕಂಟ್ರೋಲ್ ಬಾಕ್ಸ್ ಅಥವಾ ಲೈಟು ಇನ್ವರ್ಟರ್ ಲೈನಿನಲ್ಲಿದ್ದರೆ, ಕರೆಂಟು ಹೋದಾಗ ಅದು ಎಲ್‌ಸಿಬಿಯ ಕಾವಲಿಲ್ಲದೆ ಜೀವಂತವಾಗಿ ಇರಬಹುದು. ಟಬ್‌ಗೆ ಸಂಬಂಧಿಸಿದ ಯಾವುದನ್ನೂ ಇನ್ವರ್ಟರ್‌ಗೆ ಕೊಡಬೇಡಿ.

*ಪಂಪ್ ಹಾಕಿದಾಗ ಮಾತ್ರ ಬೀಳುತ್ತದೆ.* ಟಾರ್ಚ್ ಹಿಡಿದು ಪಂಪಿಗೂ ಮೋಟಾರಿಗೂ ನಡುವಿನ ಸಂದಿ ನೋಡಿ. ಅಲ್ಲಿ ಮೆಕ್ಯಾನಿಕಲ್ ಸೀಲ್ ಇರುತ್ತದೆ. ಅದು ಸವೆದರೆ ನೀರು ಶಾಫ್ಟ್ ಹಿಡಿದು ಹೊರಬಂದು ಹನಿಯುತ್ತದೆ. ಬೋರ್‌ವೆಲ್ ನೀರಾದರೆ ಹನಿದ ಜಾಗದಲ್ಲಿ ಬಿಳಿ ಸುಣ್ಣದ ಗೆರೆ ಕಟ್ಟಿರುತ್ತದೆ, ಎಷ್ಟೋ ಸಲ ಆ ಗೆರೆ ಕಂಡರೇ ಸಾಕು. ನೀರು ಮುಂದಿನ ಬೇರಿಂಗ್ ದಾಟಿ ವೈಂಡಿಂಗ್ (ಮೋಟಾರಿನ ತಂತಿ ಸುರುಳಿ) ಸೇರಿದಾಗ ಸೋರಿಕೆ ಶುರು. ಸೀಲ್ ಒಂದನ್ನೇ ಬದಲಿಸಿ ಬಿಟ್ಟರೆ ಸಾಲದು: ನೀರು ಕುಡಿದ ಬೇರಿಂಗ್ ತಿಂಗಳೊಪ್ಪತ್ತಿನಲ್ಲಿ ಅಲುಗಾಡಿ ಹೊಸ ಸೀಲನ್ನೂ ತಿನ್ನುತ್ತದೆ. ಸೀಲು, ಎರಡೂ ಬೇರಿಂಗು ಒಟ್ಟಿಗೆ ಹೋಗಲಿ, ವೈಂಡಿಂಗ್ ಒಣಗಿಸಿ ಮತ್ತೆ ಮೆಗ್ಗರ್ (ಇನ್ಸುಲೇಷನ್ನಿನ ತಡೆ ಅಳೆಯುವ ಮೀಟರ್) ಹಿಡಿಯಲಿ.

*ಪಂಪ್ ಓಡುತ್ತದೆ, ಕೆಲವು ನಿಮಿಷದ ಮೇಲೆ ಬೀಳುತ್ತದೆ.* ಬಹುತೇಕ ಹೀಟರ್. ನೀರು ಹರಿಯುತ್ತಿದೆ ಎಂದು ಫ್ಲೋ ಸ್ವಿಚ್ ಹೇಳಿದ ಮೇಲೆ, ಉಷ್ಣ ಇಳಿದಾಗ, ಹೀಟರ್ ಹತ್ತುತ್ತದೆ. ಬೀಳುವ ಹೊತ್ತು ಅದಕ್ಕೆ ಹೊಂದುತ್ತದೆಯೇ ನೋಡಿ. ಹೀಟರ್ ಲೈನ್ ಬಿಚ್ಚಿಟ್ಟು ಟಬ್ ಓಡಿಸಿದಾಗ ಅರ್ಧ ಗಂಟೆ ನಿಂತರೆ ಅನುಮಾನ ಗಟ್ಟಿ.

ಹೀಟರ್ ಎಲಿಮೆಂಟಿನ ನಡುವೆ ತಂತಿ, ಸುತ್ತ ಮೆಗ್ನೀಸಿಯಂ ಆಕ್ಸೈಡ್ ಪುಡಿ, ಹೊರಗೆ ಲೋಹದ ಕೊಳವೆ. ಈ ಪುಡಿ ತೇವ ಹೀರುತ್ತದೆ. ಮಳೆಗಾಲವಿಡೀ ಬಳಸದೆ ಬಿಟ್ಟ ಟಬ್ ಮೊದಲ ದಿನವೇ ಎಲ್‌ಸಿಬಿ ಬೀಳಿಸುವುದು ಇದರಿಂದ. ಎಲಿಮೆಂಟ್ ಹೊರತೆಗೆಯಲು ಬರುವಂಥದ್ದಾದರೆ, ರಬ್ಬರ್, ಪ್ಲಾಸ್ಟಿಕ್ ಭಾಗ ಕಳಚಿ 100ರಿಂದ 120 ಡಿಗ್ರಿ ಒಣ ಬಿಸಿಯಲ್ಲಿ ಕೆಲವು ಗಂಟೆ ಇಟ್ಟಾಗ ತಡೆ ಏರಿದರೆ ದೋಷ ತೇವದ್ದು. ಏರದಿದ್ದರೆ, ಅಥವಾ ಕೊಳವೆಯ ಮೇಲೆ ಬಿರುಕು, ಗುಳ್ಳೆ, ಹಸಿರು ಕಲೆ ಕಂಡರೆ, ಬದಲಿಸಿ. ಗಡಸು ನೀರಿನ ಊರುಗಳಲ್ಲಿ ಬಿರುಕೇ ಹೆಚ್ಚು: ಸುಣ್ಣದ ಪೊರೆ ಕಟ್ಟಿದ ಜಾಗದಲ್ಲಿ ಬಿಸಿ ನೀರಿಗೆ ಹೋಗದೆ ಕೊಳವೆಯಲ್ಲೇ ಉಳಿದು ಲೋಹ ಸೀಳುತ್ತದೆ.

ಹೀಟರನ್ನು ಅನಗತ್ಯವಾಗಿ ದುಡಿಸುವ ತಪ್ಪು ಕಲ್ಪನೆಯೊಂದಿದೆ. 1,500 ವ್ಯಾಟ್ ಹೀಟರ್ 200 ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು ಒಂಬತ್ತು ನಿಮಿಷಕ್ಕಿಂತ ಹೆಚ್ಚು ಬೇಕು, ಅದೂ ಬಿಸಿ ಒಂದಿಷ್ಟೂ ಪೋಲಾಗದಿದ್ದರೆ. ಅದು ಇರುವುದು ಬಿಸಿ ಉಳಿಸಲು, ತಣ್ಣೀರು ಕಾಯಿಸಲು ಅಲ್ಲ. ಸೋಲಾರ್ ಅಥವಾ ಗೀಸರಿನ ಬಿಸಿನೀರನ್ನೇ ತುಂಬಿಸಿ.

*ಬ್ಲೋವರ್ ಹಾಕಿದಾಗ ಬೀಳುತ್ತದೆ.* ಬ್ಲೋವರಿನ ಗಾಳಿ ಪೈಪು ಟಬ್‌ನ ಓವರ್‌ಫ್ಲೋ ಮಟ್ಟಕ್ಕಿಂತ ಸಾಕಷ್ಟು ಮೇಲೇರಿ ಕಮಾನು ಮಾಡಿ ಇಳಿಯಬೇಕು, ದಾರಿಯಲ್ಲಿ ನಾನ್ ರಿಟರ್ನ್ ವಾಲ್ವ್ ಇರಬೇಕು. ಕಮಾನು ಇಲ್ಲದೆ ನೇರ ಎಳೆದಿದ್ದರೆ, ವಾಲ್ವಿನಲ್ಲಿ ಕೂದಲು ಸಿಕ್ಕಿದ ದಿನ ನೀರು ಹಿಂದಕ್ಕೆ ಹರಿದು ಬ್ಲೋವರಿನೊಳಗೇ ಇಳಿಯುತ್ತದೆ. ಬದಲಿಸಿದ ಬ್ಲೋವರ್ ಎರಡೇ ತಿಂಗಳಲ್ಲಿ ಮತ್ತೆ ಹೋದರೆ ಪೈಪನ್ನು ನೋಡಿ, ಬ್ಲೋವರನ್ನು ದೂರಬೇಡಿ. ಕಾರ್ಬನ್ ಬ್ರಷ್ ಇರುವ ಬ್ಲೋವರಿನಲ್ಲಿ ಬ್ರಷ್ಷಿನ ಪುಡಿ ತೇವದೊಂದಿಗೆ ಸೇರಿಯೂ ಸೋರಿಕೆಯ ದಾರಿ ಮಾಡುತ್ತದೆ.

*ನೀರು ತುಂಬಿದಾಗ ಮಾತ್ರ, ಅಥವಾ ಕೈ ಶವರ್ ಬಳಸಿದ ಮೇಲೆ ಬೀಳುತ್ತದೆ.* ಪೈಪಿನ ಯೂನಿಯನ್, ಜೆಟ್ಟಿನ ವಾಷರ್, ಟಬ್–ಗೋಡೆ ನಡುವಿನ ಸಿಲಿಕೋನ್ ನೋಡಿ. ಟಬ್ ಕೆಳಗೆ ಒಣ ನ್ಯೂಸ್‌ಪೇಪರ್ ಹಾಸಿ, ಕರೆಂಟು ಪೂರ್ತಿ ಆಫ್ ಇಟ್ಟು, ಓವರ್‌ಫ್ಲೋ ತನಕ ನೀರು ತುಂಬಿ ಅರ್ಧ ಗಂಟೆ ಬಿಡಿ. ಕಾಗದದ ಒದ್ದೆ ಕಲೆ ಸೋರುವ ಜಾಗವನ್ನು ತೋರಿಸುತ್ತದೆ.

*ಗೊತ್ತುಗುರಿಯಿಲ್ಲದೆ ಬೀಳುತ್ತದೆ.* ಒಂದೇ ದೊಡ್ಡ ದೋಷವಿಲ್ಲದೆ, ಸಣ್ಣ ಸೋರಿಕೆಗಳು ಕೂಡಿ ಬೀಳಿಸುತ್ತಿರಬಹುದು. ಹೀಟರ್‌ನದು 3 ಮಿಲಿ ಆಂಪಿಯರ್, ಗೀಸರ್‌ದು 3, ಕಂಪ್ಯೂಟರ್, ವಾಷಿಂಗ್ ಮಷಿನ್ ಫಿಲ್ಟರ್‌ಗಳದ್ದು ಇನ್ನಷ್ಟು, ಅದರ ಮೇಲೆ ಪಂಪ್ ಎದ್ದೇಳುವ ಹೊಡೆತ. ಮಿಲಿ ಆಂಪಿಯರ್ ಓದುವ ಲೀಕೇಜ್ ಕ್ಲ್ಯಾಂಪ್ ಮೀಟರಿನ ಬಾಯಿಗೆ ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಹಾಕಿ, ಅರ್ಥ್ ಹೊರಗಿಟ್ಟು ಓದಿ. ಎಲ್‌ಸಿಬಿಯ ಮೇಲಿನ ಅಂಕಿಯ ಶೇ. 30, ಅಂದರೆ 9 ಮಿಲಿ ಆಂಪಿಯರ್ ದಾಟಿ ಸದಾ ಸೋರುತ್ತಿದ್ದರೆ ಟಬ್‌ಗೆ ಬೇರೆ ಎಲ್‌ಸಿಬಿ ಕೊಡಬೇಕು. ಎಲ್‌ಸಿಬಿ ನಿಜವಾಗಿ ಕೆಟ್ಟಿದೆ ಎಂದು ಹೇಳುವ ಹಕ್ಕು ಬರುವುದು ಈ ಅಳತೆ ಮುಗಿದ ಮೇಲೆಯೇ.

ಪ್ಯಾನೆಲ್ ಬಿಚ್ಚುವ ಮುನ್ನ

ಟಬ್ ಖಾಲಿ ಮಾಡಿ. ಎಂಸಿಬಿ, ಹೊರಗಿನ ಡಬಲ್ ಪೋಲ್ ಸ್ವಿಚ್ ಎರಡೂ ಆಫ್. ಎಂಸಿಬಿಗೆ ಲಾಕ್ ಹಾಕಿ, ಇಲ್ಲದಿದ್ದರೆ ಟೇಪ್ ಅಂಟಿಸಿ "ಕೆಲಸ ನಡೆದಿದೆ" ಎಂದು ಚೀಟಿ ಬರೆಯಿರಿ. ಮನೆಯಲ್ಲಿ ಯಾರಾದರೂ "ಅಯ್ಯೋ ಬಿದ್ದಿದೆ" ಎಂದು ಎತ್ತುವುದು ತೀರ ಸಹಜ. ಯುಪಿಎಸ್ ಇದ್ದರೆ ಅದನ್ನೂ ಆಫ್ ಮಾಡಿ. ಬಳಿಕ ಎರಡು ಕಡ್ಡಿಯ ವೋಲ್ಟೇಜ್ ಟೆಸ್ಟರ್‌ನಿಂದ ಫೇಸ್–ನ್ಯೂಟ್ರಲ್, ಫೇಸ್–ಅರ್ಥ್, ನ್ಯೂಟ್ರಲ್–ಅರ್ಥ್ ಮೂರೂ ನೋಡಿ. ಅಳೆಯುವ ಮೊದಲೂ ಅಳೆದ ಮೇಲೂ ಆ ಟೆಸ್ಟರನ್ನು ಕರೆಂಟಿರುವ ಸಾಕೆಟ್ಟಿನಲ್ಲಿ ಹಿಡಿದು, ಅದೇ ಕೆಟ್ಟಿಲ್ಲವೆಂದು ಖಾತರಿ ಮಾಡಿಕೊಳ್ಳಿ. ಮಿಣುಕುವ ಸ್ಕ್ರೂಡ್ರೈವರ್ ಟೆಸ್ಟರಿನ ಮೇಲೆ ಜೀವ ಒತ್ತೆ ಇಡಬೇಡಿ.

ಪಂಪಿನ ಕೆಪ್ಯಾಸಿಟರ್ ಕರೆಂಟು ಆಫ್ ಆದ ಮೇಲೂ ಚಾರ್ಜ್ ಹಿಡಿದಿರಬಹುದು. 20 ಕಿಲೋಓಮ್, 5 ವ್ಯಾಟ್ ರೆಸಿಸ್ಟರನ್ನು ಇನ್ಸುಲೇಟೆಡ್ ಕ್ಲಿಪ್‌ಗಳಿಂದ ಅಡ್ಡ ಹಿಡಿದು ಐದು ಸೆಕೆಂಡ್ ಬಿಡಿ. ಸ್ಕ್ರೂಡ್ರೈವರಿನಿಂದ ಕಿಡಿ ಹಾರಿಸುವುದು ಬೇಡ.

ಕಣ್ಣಿಗೇ ಕಾಣುವುದನ್ನು ಮೊದಲು ನೋಡಿ. ಇಲಿ ಕಡಿದ ಕೇಬಲ್, ಬಾಕ್ಸಿನೊಳಗೆ ಸತ್ತ ಹಲ್ಲಿ, ಇರುವೆ ಗೂಡು. ಬಚ್ಚಲು ತೊಳೆಯುವ ಆಸಿಡ್ಡಿನ ಹಬೆಗೆ ಹಸಿರುಗಟ್ಟಿದ ಟರ್ಮಿನಲ್ಲು. ಟೇಪ್ ಸುತ್ತಿದ ಜಾಯಿಂಟ್ ಕಂಡರೆ ಮೀಟರ್ ಹಿಡಿಯುವ ಮೊದಲೇ ಅದನ್ನು ಕತ್ತರಿಸಿ ಬಾಕ್ಸಿನೊಳಗೆ ಸರಿಯಾದ ಕನೆಕ್ಟರಿಗೆ ತನ್ನಿ. ತೇವದ ಜಾಗದಲ್ಲಿ ಟೇಪಿನ ಅಂಟು ಬಿಟ್ಟುಕೊಳ್ಳುತ್ತದೆ.

ಮೆಗ್ಗರ್ ಹಿಡಿದು ಭಾಗ ಭಾಗ ಬೇರ್ಪಡಿಸಿ

ಮಲ್ಟಿಮೀಟರಿನ ಓಮ್ ಓದು ಇಲ್ಲಿ ಮೋಸ ಮಾಡುತ್ತದೆ. ಅದು ಕೊಡುವುದು ಕೆಲವೇ ವೋಲ್ಟು, ಅಷ್ಟಕ್ಕೆ ಸೋರದ ಬಿರುಕು 230ಕ್ಕೆ ಸೋರುತ್ತದೆ. 500 ವೋಲ್ಟ್ ಡಿಸಿ ಮೆಗ್ಗರ್ ಬೇಕು.

1. ಎಲೆಕ್ಟ್ರಾನಿಕ್ ಬೋರ್ಡ್, ಲೈಟು, ಓಜೋನೇಟರ್ (ನೀರು ಶುದ್ಧ ಮಾಡುವ ಉಪಕರಣ) ಎಲ್ಲ ಕಳಚಿ ಬದಿಗಿಡಿ. 500 ವೋಲ್ಟು ಬೋರ್ಡನ್ನು ಸುಡುತ್ತದೆ.
2. ಟಬ್ ಕಡೆಯ ಜಂಕ್ಷನ್ ಬಾಕ್ಸಿನಲ್ಲೂ ಡಿಬಿಯಲ್ಲೂ ಲೈನಿನ ಫೇಸ್, ನ್ಯೂಟ್ರಲ್, ಅರ್ಥ್ ಬಿಚ್ಚಿ. ಗೋಡೆಯೊಳಗಿನ ವೈರು ಮಾತ್ರ ಉಳಿಯಿತು. ಫೇಸ್–ನ್ಯೂಟ್ರಲ್, ಫೇಸ್–ಅರ್ಥ್, ನ್ಯೂಟ್ರಲ್–ಅರ್ಥ್ ಅಳೆಯಿರಿ. ಕನಿಷ್ಠ 1 ಮೆಗಾಓಮ್ ಇರಲೇಬೇಕು, ಆದರೆ ಆರೋಗ್ಯವಾದ ವೈರು ನೂರಾರು ತೋರಿಸುತ್ತದೆ. 2 ಅಥವಾ 3 ತೋರಿಸಿದರೆ ಪಾಸಾಯಿತೆಂದು ಬಿಡಬೇಡಿ, ವೈರು ಹೋಗುವ ಪೈಪಿನಲ್ಲಿ ನೀರು ನಿಂತಿದೆಯೇ ನೋಡಿ.
3. ಪಂಪಿನ ಫೇಸ್–ನ್ಯೂಟ್ರಲ್ ಒಟ್ಟಿಗೆ ಸೇರಿಸಿ, ಮೋಟಾರಿನ ಕವಚಕ್ಕೆ ಒಂದು ನಿಮಿಷ ಅಳೆಯಿರಿ. ಬ್ಲೋವರ್, ಹೀಟರ್‌ಗೂ ಪ್ರತ್ಯೇಕವಾಗಿ ಇದೇ. ಹೀಟರನ್ನು ತಣ್ಣಗಿದ್ದಾಗ ಒಮ್ಮೆ, ಬಿಸಿಯಾದ ಮೇಲೆ ಆಫ್ ಮಾಡಿ ಬಿಚ್ಚಿ ಇನ್ನೊಮ್ಮೆ; ಬಿರುಕು ಬಿಸಿಗೆ ಬಾಯಿ ಬಿಡುವುದುಂಟು.
4. ಪ್ರತಿ ಅಳತೆಯ ಬಳಿಕ ತಂತಿಗಳನ್ನು ಅರ್ಥ್‌ಗೆ ತಾಗಿಸಿ ಚಾರ್ಜ್ ಇಳಿಸಿ.

ಓದುವುದು ಹೀಗೆ. 1 ಮೆಗಾಓಮ್ ಅಂದರೆ 0.23 ಮಿಲಿ ಆಂಪಿಯರ್ ಸೋರಿಕೆ, ಎಲ್‌ಸಿಬಿಗೆ ಲೆಕ್ಕಕ್ಕಿಲ್ಲ. 50 ಕಿಲೋಓಮ್ ಅಂದರೆ 4.6: ಒಂಟಿಯಾಗಿ ಬೀಳಿಸದು, ಉಳಿದವುಗಳ ಜೊತೆ ಸೇರಿ ಬೀಳಿಸುತ್ತದೆ, ಮುಂದಿನ ಮಳೆಗಾಲಕ್ಕೆ ತಾನೇ ಬೀಳಿಸುತ್ತದೆ. 15 ಕಿಲೋಓಮ್‌ಗಿಂತ ಕೆಳಗೆ ಸಿಕ್ಕ ಭಾಗವೇ ಇಂದಿನ ಅಪರಾಧಿ. ಪ್ರತಿ ಭಾಗದ ಅಂಕಿಯನ್ನು ದಿನಾಂಕದೊಡನೆ ಪ್ಯಾನೆಲ್ಲಿನ ಒಳಮೈಗೆ ಬರೆದಂಟಿಸಿ. ಮುಂದೆ 200 ಮೆಗಾಓಮ್‌ನಿಂದ 5ಕ್ಕೆ ಇಳಿದದ್ದು ಕಂಡಾಗ ಎಲ್‌ಸಿಬಿ ಬೀಳುವ ಮುಂಚೆಯೇ ಎಚ್ಚರ ಸಿಗುತ್ತದೆ.

ಜುಮ್ಮೆನ್ನುತ್ತದೆ, ಎಲ್‌ಸಿಬಿ ಬೀಳುವುದಿಲ್ಲ

ಬೀಳುವ ಎಲ್‌ಸಿಬಿಗಿಂತ ಭಯಪಡಬೇಕಾದದ್ದು ಇದಕ್ಕೆ. ನಲ್ಲಿ ಮುಟ್ಟಿದರೆ ಜುಮ್ಮೆನ್ನುತ್ತದೆ, ನೀರಿಗೆ ಕೈಯಿಟ್ಟರೆ ಚುರುಗುಟ್ಟುತ್ತದೆ ಎಂದು ಮಗು ಹೇಳಿದರೂ ಆ ಕ್ಷಣವೇ ಎಲ್ಲರೂ ಹೊರಗೆ ಬರಲಿ, ಮೇನ್ ಆಫ್ ಆಗಲಿ. ಮತ್ತೊಮ್ಮೆ ಬೆರಳಿಟ್ಟು ಖಾತರಿ ಮಾಡುವುದು ಬೇಡವೇ ಬೇಡ.

ಹೀಗಾಗಲು ಕಾರಣ ಸಾಮಾನ್ಯವಾಗಿ ಎರಡರ ಕೂಟ: ಎಲ್ಲೋ ಸಣ್ಣ ಸೋರಿಕೆ, ಜೊತೆಗೆ ಅರ್ಥ್ ಕಡಿದಿದೆ. ಅರ್ಥ್ ಇದ್ದರೆ ಸೋರಿಕೆ ಅತ್ತ ಹೋಗಿ, ಸಾಕಷ್ಟು ಬೆಳೆದಾಗ ಎಲ್‌ಸಿಬಿಯನ್ನು ಬೀಳಿಸುತ್ತಿತ್ತು. ಇಲ್ಲದಾಗ ಅದು ಲೋಹದ ಮೇಲೆ, ನೀರಿನಲ್ಲಿ ಕಾದು ಕೂರುತ್ತದೆ, ನಿಮ್ಮ ಮೈ ಸಿಕ್ಕಾಗ ದಾರಿ ಹಿಡಿಯುತ್ತದೆ. ಎಲ್‌ಸಿಬಿಯ ಟಿ (ಟೆಸ್ಟ್) ಗುಂಡಿ ಒತ್ತಿದರೆ ಬೀಳುತ್ತದೆಯಲ್ಲ ಎಂಬ ಸಮಾಧಾನ ಇಲ್ಲಿ ನಡೆಯದು. ಆ ಗುಂಡಿ ಪರೀಕ್ಷಿಸುವುದು ಎಲ್‌ಸಿಬಿಯ ಒಳಯಂತ್ರವನ್ನು. ಮನೆಗೆ ಅರ್ಥ್ ಇಲ್ಲದಿದ್ದರೂ ಅದು ಬೀಳುತ್ತದೆ.

ಕರೆಂಟು ಮರಳಿ ಕೊಡುವ ಮುನ್ನ ಟಬ್‌ನ ಡಬಲ್ ಪೋಲ್ ಎಂಸಿಬಿ ಆಫ್ ಮಾಡಿ. ಕರೆಂಟು ಕೊಟ್ಟ ಮೇಲೆ, ಮಲ್ಟಿಮೀಟರಿನ ಎರಡು ಕಡ್ಡಿಗಳ ನಡುವೆ 10 ಕಿಲೋಓಮ್ ರೆಸಿಸ್ಟರ್ ಸೇರಿಸಿ (ಹುಸಿ ವೋಲ್ಟೇಜ್ ಅದರಿಂದ ಇಳಿದುಹೋಗುತ್ತದೆ), ನಲ್ಲಿಗೂ ಅರ್ಥ್ ಪಿಟ್ಟಿನಿಂದ (ಅರ್ಥಿಂಗ್ ಗುಂಡಿಯಿಂದ) ನೇರ ಎಳೆದ ತಂತಿಗೂ ನಡುವೆ ಅಳೆಯಿರಿ. ಟಬ್ ಆಫ್ ಇದ್ದಾಗಲೂ ವೋಲ್ಟೇಜ್ ಉಳಿದಿದ್ದರೆ ದೋಷ ಟಬ್‌ನಲ್ಲಿಲ್ಲ. ಮೊದಲ ಸಂಶಯ ಗೀಸರ್ ಮೇಲೆ: ಸಿಪಿವಿಸಿ ಪೈಪು ಕರೆಂಟು ಒಯ್ಯದಿದ್ದರೂ ಅದರೊಳಗಿನ ನೀರು ಒಯ್ಯುತ್ತದೆ.

ಅರ್ಥನ್ನು ಪೂರ್ತಿ ದಾರಿ ಹಿಡಿದು ನೋಡಿ: ಪಂಪಿನ ಅರ್ಥ್ ತಿರುಪು, ಬಾಕ್ಸು, ಡಿಬಿಯ ಅರ್ಥ್ ಬಾರ್, ಕೊನೆಗೆ ಅಂಗಳದ ಪಿಟ್. ಪಿಟ್ಟಿನಲ್ಲಿ ಜಿಐ ಪೈಪಿಗೆ ತಂತಿ ಕಚ್ಚಿಸಿದ ಕ್ಲ್ಯಾಂಪ್ ತುಕ್ಕು ತಿಂದು ಉದುರಿರುವುದು, ಕಾಂಪೌಂಡ್ ಕೆಲಸದವರು ತಂತಿ ಕಡಿದಿರುವುದು, ಪಿಟ್ಟಿನ ಮೇಲೆ ಕಾಂಕ್ರೀಟ್ ಸುರಿದು ವರ್ಷಗಟ್ಟಲೆ ನೀರು ಕಾಣದಿರುವುದು, ಇವೇ ಸಾಮಾನ್ಯ. ಒದ್ದೆ ಜಾಗದಲ್ಲಿ ಲೋಹದ ಮೇಲೆ 25 ವೋಲ್ಟ್ ಮೀರಬಾರದೆಂದು ಹಿಡಿದರೆ, 30 ಮಿಲಿ ಆಂಪಿಯರ್ ಎಲ್‌ಸಿಬಿಗೆ ಕಾಗದದ ಮೇಲೆ 833 ಓಮ್ ಅರ್ಥ್ ಕೂಡ ಸಾಕು. ಆದರೆ ಅಷ್ಟು ಕೆಟ್ಟ ಅರ್ಥ್ ಬೇಸಗೆಯಲ್ಲಿ ಎಷ್ಟಕ್ಕೆ ಏರುತ್ತದೋ ಹೇಳಲಾಗದು; 5 ಓಮ್‌ನ ಒಳಗೆ ತರುವ ಪ್ರಯತ್ನ ಮಾಡಿ. ಅರ್ಥ್ ಸಿಗಲಿಲ್ಲವೆಂದು ಟಬ್‌ನ ಅರ್ಥನ್ನು ನ್ಯೂಟ್ರಲ್‌ಗೆ ಕಟ್ಟಬೇಡಿ. ಬೀದಿಯಲ್ಲಿ ನ್ಯೂಟ್ರಲ್ ಕಡಿದ ದಿನ ಟಬ್‌ನ ಲೋಹಕ್ಕೆಲ್ಲ 230 ವೋಲ್ಟ್ ಬಂದು ನಿಲ್ಲುತ್ತದೆ.

ಅಕ್ರಿಲಿಕ್ ಟಬ್‌ಗೆ ಅರ್ಥ್ ಬೇಡ, ಆದರೆ ಅದರ ಕೆಳಗಿನ ಕಬ್ಬಿಣದ ಚೌಕಟ್ಟು, ಪಂಪಿನ ಕವಚ, ಹೀಟರಿನ ಕೊಳವೆ, ಬಚ್ಚಲಿಗೆ ಬರುವ ಲೋಹದ ಪೈಪು ಇವನ್ನೆಲ್ಲ 4 ಚದರ ಮಿ.ಮೀ. ಹಸಿರು–ಹಳದಿ ತಾಮ್ರದ ತಂತಿಯಿಂದ ಒಂದಕ್ಕೊಂದು ಬೆಸೆದು ಅರ್ಥ್‌ಗೆ ಸೇರಿಸಬೇಕು. ಎಲ್ಲ ಲೋಹವೂ ಒಂದೇ ವೋಲ್ಟೇಜಿನಲ್ಲಿದ್ದರೆ ಒಂದು ಕೈಯಿಂದ ಇನ್ನೊಂದಕ್ಕೆ ಕರೆಂಟು ಹರಿಯಲು ಕಾರಣ ಇರುವುದಿಲ್ಲ.

ಎಂಸಿಬಿ ಬೀಳುತ್ತಿದ್ದರೆ

ಪಂಪ್ "ಹೂಂ" ಎಂದು ಗುನುಗಿ, ತಿರುಗದೆ, ಬಿದ್ದರೆ: ಪ್ಯಾನೆಲ್ ಬಿಚ್ಚುವ ಮುನ್ನ ಹೇಳಿದಂತೆ ಕರೆಂಟು ಕಡಿದು, ಕೆಪ್ಯಾಸಿಟರ್ ಖಾಲಿ ಮಾಡಿ, ಹಿಂದಿನ ಫ್ಯಾನನ್ನು ಕೈಯಿಂದ ತಿರುಗಿಸಿ. ಸಲೀಸಾಗಿ ತಿರುಗಿದರೆ ಕೆಪ್ಯಾಸಿಟರ್ ಸಂಶಯ; ಅದರ ಮೈಮೇಲೆ ಬರೆದ ಮೈಕ್ರೋಫ್ಯಾರಡ್‌ಗಿಂತ ಶೇ. 10ಕ್ಕೂ ಹೆಚ್ಚು ಕಡಿಮೆ ತೋರಿಸಿದರೆ ಅದೇ ಅಳತೆಯದ್ದು ಹಾಕಿ. ತಿರುಗದಿದ್ದರೆ ಇಂಪೆಲ್ಲರಿನಲ್ಲಿ (ನೀರು ತಳ್ಳುವ ಚಕ್ರದಲ್ಲಿ) ಕೂದಲು, ಸುಣ್ಣದ ಚೂರು, ಇಲ್ಲವೇ ಹಿಡಿದ ಬೇರಿಂಗ್. ತುಂಬ ಹೊತ್ತಾದ ಮೇಲೆ ಬಿದ್ದು ಎಂಸಿಬಿ ಮುಟ್ಟಲಾಗದಷ್ಟು ಬಿಸಿಯಿದ್ದರೆ, ಟರ್ಮಿನಲ್ ತಿರುಪು ಸಡಿಲ ಅಥವಾ 1.5 ಚದರ ಮಿ.ಮೀ. ವೈರು ಎಳೆದಿದ್ದಾರೆ. ವೈರು ಸಣ್ಣದಿರುವಾಗ ಎಂಸಿಬಿ ದೊಡ್ಡದು ಮಾಡಿದರೆ ಗೋಡೆಯೊಳಗೆ ಬೆಂಕಿಗೆ ಆಹ್ವಾನ.

ಮತ್ತೆ ಕರೆಂಟು ಕೊಡುವಾಗ

ದುರಸ್ತಿಯಾದ ಮೇಲೆ ಮೆಗ್ಗರ್ ಅಳತೆ ಮತ್ತೊಮ್ಮೆ, ಪಂಪಿನ ಕವಚದಿಂದ ಡಿಬಿಯ ಅರ್ಥ್ ಬಾರ್ ತನಕದ ತಡೆ ಮತ್ತೊಮ್ಮೆ. 15 ಮೀಟರ್ ದೂರಕ್ಕೆ 4 ಚದರ ಮಿ.ಮೀ. ತಂತಿ 0.1 ಓಮ್ ಆಸುಪಾಸು ತೋರಿಸಬೇಕು. ಟೆಸ್ಟರ್ ಇರುವ ವೈರ್‌ಮನ್ ಆದರೆ ಆರ್‌ಸಿಸಿಬಿಯನ್ನು 15 ಮಿಲಿ ಆಂಪಿಯರ್‌ಗೆ ಬೀಳದೆಂದೂ, 30ಕ್ಕೆ 300 ಮಿಲಿ ಸೆಕೆಂಡಿನೊಳಗೆ, 150ಕ್ಕೆ 40ರೊಳಗೆ ಬೀಳುತ್ತದೆಂದೂ ನೋಡಿ ಬರೆದುಕೊಡುತ್ತಾರೆ. ಆ ಚೀಟಿ ಕೇಳಿ ಪಡೆಯಿರಿ.

ಟಬ್‌ಗೆ ಜೆಟ್ಟುಗಳು ಮುಳುಗುವಷ್ಟು ನೀರು ತುಂಬಿ, ಯಾರೂ ಒಳಗಿಲ್ಲದೆ, ಮೊದಲು ಪಂಪ್, ಆಮೇಲೆ ಬ್ಲೋವರ್, ಕೊನೆಗೆ ಹೀಟರ್ ಹಾಕಿ ಒಂದು ಗಂಟೆ ಓಡಲಿ. ಓಡುತ್ತಿರುವಾಗ ಲೀಕೇಜ್ ಕ್ಲ್ಯಾಂಪ್ ಓದು 2–3 ಮಿಲಿ ಆಂಪಿಯರ್‌ನಲ್ಲಿ ನಿಂತಿದೆಯೇ, ಏರುತ್ತಿದೆಯೇ ನೋಡಿ. ಏರುತ್ತಿದ್ದರೆ ತೇವ ಇನ್ನೂ ಒಳಗಿದೆ, ಪ್ಯಾನೆಲ್ ಮುಚ್ಚುವ ಹೊತ್ತು ಬಂದಿಲ್ಲ. ಮುಚ್ಚುವಾಗ ಸಿಮೆಂಟಿನಿಂದ ಟೈಲ್ಸ್ ಅಂಟಿಸಿ ಮುಚ್ಚಬೇಡಿ. ಕನಿಷ್ಠ ಎರಡಡಿ ಅಗಲದ, ತಿರುಪಿನಿಂದ ತೆಗೆಯಬಹುದಾದ, ಗಾಳಿಗೆ ಸಂದಿ ಇರುವ ಬಾಗಿಲು ಪಂಪಿನ ಎದುರಿಗೇ ಇರಲಿ. ತಿಂಗಳಿಗೊಮ್ಮೆ ಟಿ ಗುಂಡಿ ಒತ್ತುವ ದಿನವೇ ಆ ಸಂದಿಯಿಂದ ಟಾರ್ಚ್ ಹಾಕಿ, ಸೀಲಿನ ಕೆಳಗೆ ಬಿಳಿ ಗೆರೆ ಮೂಡಿದೆಯೇ ಎಂದು ನೋಡಿ.